ಒಂದೇ ಅಣಬೆಯಲ್ಲಿ ಎರಡು ಜೀವ ಕಂಡ ಪಾದ್ರಿ

ವೃತ್ತಿಯಿಂದ ಧರ್ಮಬೋಧಕ, ಪ್ರವೃತ್ತಿಯಿಂದ ಶಿಲೀಂಧ್ರ ಸಂಶೋಧಕ. ಅಮೆರಿಕದ ಲೂಯಿಸ್ ಡೇವಿಡ್ ಡಿ ಶ್ವೈನಿಟ್ಸ್ ಅವರ ಬದುಕು ಮತ್ತು ಸಾಧನೆ

ಉತ್ತರ ಅಮೆರಿಕದ ಕಾಡುಗಳಲ್ಲಿ ಬೇಸಿಗೆ ಮುಗಿಯುತ್ತ ಬಂದು ನಾಲ್ಕು ಮಳೆ ಬಿದ್ದರೆ ಸಾಕು, ಮರದ ಬುಡದ ತರಗೆಲೆಗಳನ್ನು ಸರಿಸಿಕೊಂಡು ಕೆಂಡದಂಥ ಬಣ್ಣದ ಗಟ್ಟಿ ಗಡ್ಡೆಯೊಂದು ಮೇಲೇಳುತ್ತದೆ. ಬೇಯಿಸಿದ ಲಾಬ್‌ಸ್ಟರ್ ಎಂಬ ದೊಡ್ಡ ಸಿಗಡಿಯ ಚಿಪ್ಪಿನಂತೆ ಅದು ಕೇಸರಿಗೆಂಪು. ಆದ್ದರಿಂದಲೇ ಅದಕ್ಕೆ ಲಾಬ್‌ಸ್ಟರ್ ಅಣಬೆ ಎಂಬ ಹೆಸರು. ಅಮೆರಿಕ, ಕೆನಡಾ ಮತ್ತು ಮೆಕ್ಸಿಕೋದ ಜನ ಇದನ್ನು ಆರಿಸಿ ತಂದು ಅಡುಗೆ ಮಾಡುತ್ತಾರೆ, ಸಂತೆಗಳಲ್ಲಿ ಮಾರುತ್ತಾರೆ. ಉಣ್ಣೆಗೆ ಬಣ್ಣ ಹಾಕುವವರಿಗೂ ಇದು ಪ್ರಿಯವಾದ ವಸ್ತು.

ಆದರೆ ಹೆಸರಿಗೆ ಮಾತ್ರ ಇದು ಅಣಬೆ. ವಾಸ್ತವದಲ್ಲಿ ಇದು ಒಂದು ಅಣಬೆಯ ಮೇಲೆ ಇನ್ನೊಂದು ಶಿಲೀಂಧ್ರ ನಡೆಸಿದ ಆಕ್ರಮಣದ ಫಲ. ಬಿಳಿಯ ಕಾಡು ಅಣಬೆಯೊಂದರ ದೇಹವನ್ನು ಪರಾವಲಂಬಿ ಶಿಲೀಂಧ್ರವೊಂದು ಹೊಕ್ಕು, ಅದರ ರೂಪ, ಬಣ್ಣ, ರುಚಿ ಎಲ್ಲವನ್ನೂ ಬದಲಿಸಿಬಿಡುತ್ತದೆ. ತಿನ್ನುವವನ ತಟ್ಟೆಗೆ ಬರುವುದು ಒಂದು ಜೀವವಲ್ಲ, ಎರಡು.

ಈ ಪರಾವಲಂಬಿಗೆ ವಿಜ್ಞಾನದ ಲೋಕದಲ್ಲಿ ಮೊತ್ತಮೊದಲು ಹೆಸರಿಟ್ಟು ವಿವರಣೆ ಬರೆದವರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರಲ್ಲ, ವೈದ್ಯರೂ ಅಲ್ಲ. ಚರ್ಚಿನ ಜಮೀನು, ಲೆಕ್ಕಪತ್ರ, ಉಪದೇಶ ಇವುಗಳ ನಡುವೆ ಬಿಡುವು ಮಾಡಿಕೊಂಡು ಕಾಡು ಸುತ್ತುತ್ತಿದ್ದ ಒಬ್ಬ ಪಾದ್ರಿ. ಉತ್ತರ ಅಮೆರಿಕದ ಶಿಲೀಂಧ್ರಶಾಸ್ತ್ರದ ಪಿತಾಮಹರೆಂದು ಇಂದು ಗೌರವಿಸಲ್ಪಡುವ ಲೂಯಿಸ್ ಡೇವಿಡ್ ಡಿ ಶ್ವೈನಿಟ್ಸ್.

ದೊಡ್ಡ ಮನೆತನದ ಕುಡಿ

ಶ್ವೈನಿಟ್ಸ್ ಜನಿಸಿದ್ದು 1780ರ ಫೆಬ್ರುವರಿ 13ರಂದು, ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದ ಬೆತ್ಲೆಹೆಮ್ ಎಂಬ ಊರಿನಲ್ಲಿ. ಈ ಊರನ್ನು 1741ರಲ್ಲಿ ಕಟ್ಟಿದವರು ಮೊರೇವಿಯನ್ ಪಂಥದ ಕ್ರೈಸ್ತರು. ಮಧ್ಯ ಯೂರೋಪಿನಲ್ಲಿ ಕಿರುಕುಳಕ್ಕೆ ಒಳಗಾಗಿ ನೆಲೆ ತಪ್ಪಿದ್ದ ಈ ಪಂಥದವರಿಗೆ 1722ರಲ್ಲಿ ಜರ್ಮನಿಯ ಸ್ಯಾಕ್ಸನಿಯಲ್ಲಿದ್ದ ತನ್ನ ಜಮೀನಿನಲ್ಲಿ ಆಶ್ರಯ ಕೊಟ್ಟವನು ಕೌಂಟ್ ಜಿಂಜೆನ್‌ಡಾರ್ಫ್ ಎಂಬ ಶ್ರೀಮಂತ. ಅಲ್ಲಿ ಹೆರ್ನ್‌ಹುಟ್ ಎಂಬ ಊರು ಬೆಳೆಯಿತು. ಅಲ್ಲಿಂದ ಪಂಥದ ಪ್ರಚಾರಕರು ಸಮುದ್ರಗಳನ್ನು ದಾಟಿ ಹೋದರು. ಬಾಲಕ ಶ್ವೈನಿಟ್ಸ್ ತಾಯಿಯ ಕಡೆಯಿಂದ ಇದೇ ಜಿಂಜೆನ್‌ಡಾರ್ಫನ ಮರಿಮಗ. ತಂದೆ ಹಾನ್ಸ್ ಕ್ರಿಸ್ಟಿಯನ್ ಅಲೆಕ್ಸಾಂಡರ್ ಚರ್ಚಿನ ಆಸ್ತಿಪಾಸ್ತಿಯ ಆಡಳಿತಗಾರರಾಗಿದ್ದರು. ಮಗನೂ ಚರ್ಚಿನ ಸೇವೆಗೇ ಸಲ್ಲಬೇಕೆಂಬುದು ಹುಟ್ಟಿನೊಂದಿಗೇ ನಿಶ್ಚಯವಾಗಿದ್ದ ಸಂಗತಿ.

ಏಳು ವರ್ಷ ತುಂಬಿದಾಗ ಹುಡುಗನನ್ನು ಸಮೀಪದ ನ್ಯಾಜರೆತ್ ಎಂಬ ಊರಿನ ಮೊರೇವಿಯನ್ ವಸತಿಶಾಲೆಗೆ ಸೇರಿಸಲಾಯಿತು. ಈ ಪಂಥದ ಶಾಲೆಗಳಲ್ಲಿ ಧರ್ಮಗ್ರಂಥ, ಸಂಗೀತ, ಭಾಷೆಗಳ ಜತೆಗೆ ಪ್ರಕೃತಿಯ ಅಧ್ಯಯನಕ್ಕೂ ಜಾಗವಿತ್ತು. ಗಿಡಮರ ಗುರುತಿಸುವುದು, ಒಣಗಿಸಿ ಹಾಳೆಗೆ ಅಂಟಿಸುವುದು ದೇವರ ಸೃಷ್ಟಿಯನ್ನು ಓದುವ ಒಂದು ಬಗೆ ಎಂದು ಅವರು ಭಾವಿಸಿದ್ದರು. ಶ್ವೈನಿಟ್ಸ್ ಅವರಿಗೆ ಸಸ್ಯಗಳ ಗೀಳು ಹತ್ತಿದ್ದು ಇಲ್ಲಿಯೇ.

ಗುರುವಿನ ಜತೆಗೂಡಿ ಮೊದಲ ಗ್ರಂಥ

1798ರಲ್ಲಿ, ಹದಿನೆಂಟರ ಹರೆಯದಲ್ಲಿ, ಉನ್ನತ ವ್ಯಾಸಂಗಕ್ಕಾಗಿ ಅವರು ಜರ್ಮನಿಗೆ ತೆರಳಿದರು. ನೀಸ್ಕಿ ಎಂಬ ಊರಿನ ಮೊರೇವಿಯನ್ ಧರ್ಮಶಾಸ್ತ್ರ ವಿದ್ಯಾಲಯದಲ್ಲಿ ಅವರಿಗೆ ಗುರುವಾಗಿ ದೊರೆತವರು ಯೋಹಾನೆಸ್ ಬಾಪ್ಟಿಸ್ಟಾ ಫಾನ್ ಆಲ್ಬರ್ಟಿನಿ. ಮುಂದೆ ಬಿಷಪ್ ಪದವಿಗೇರಿದ, ಭಕ್ತಿಗೀತೆಗಳ ಕರ್ತೃವೆಂದು ಹೆಸರಾದ ಈ ಗುರುವಿಗೂ ಅಣಬೆಗಳ ಹುಚ್ಚು. ಗುರುಶಿಷ್ಯರಿಬ್ಬರೂ ಲುಸಾಟಿಯಾ ಪ್ರಾಂತದ ಕಾಡುಮೇಡುಗಳನ್ನು ವರ್ಷಗಟ್ಟಲೆ ಸುತ್ತಿದರು.

ಶಿಲೀಂಧ್ರಗಳ ಅಧ್ಯಯನ ಆಗಿನ್ನೂ ಅಂಬೆಗಾಲಿಡುತ್ತಿತ್ತು. ಹೂಬಿಡುವ ಗಿಡಗಳಿಗೆ ಲಿನೇಯಸ್ ಹಾಕಿಕೊಟ್ಟ ಕ್ರಮ ಇತ್ತು. ಅಣಬೆ, ಬೂಷ್ಟು, ಕಾಡಿಗೆ ರೋಗ, ತುಕ್ಕು ರೋಗಗಳಿಗೆ ಅಂಥ ಗಟ್ಟಿಯಾದ ಕ್ರಮ ಇರಲಿಲ್ಲ. ಒಂದು ಎಲೆಯ ಮೇಲಿನ ಕಪ್ಪು ಚುಕ್ಕೆ ಸ್ವತಂತ್ರ ಜೀವಿಯೋ ಅಥವಾ ಎಲೆಗೆ ಬಂದ ಕಾಯಿಲೆಯ ಲಕ್ಷಣವೋ ಎಂಬ ಬಗ್ಗೆಯೂ ವಿದ್ವಾಂಸರಲ್ಲಿ ಒಮ್ಮತ ಇರಲಿಲ್ಲ. ಇಂಥ ಸಮಯದಲ್ಲಿ, 1805ರಲ್ಲಿ, ಗುರುಶಿಷ್ಯರ ಜಂಟಿ ಗ್ರಂಥ ಲೈಪ್ಸಿಗ್‌ನಲ್ಲಿ ಲ್ಯಾಟಿನ್ ಭಾಷೆಯಲ್ಲಿ ಪ್ರಕಟವಾಯಿತು. ಒಂದು ಸಣ್ಣ ಪ್ರಾಂತದ ಸಾವಿರಕ್ಕೂ ಹೆಚ್ಚು ಶಿಲೀಂಧ್ರಗಳ ವಿವರ ಅದರಲ್ಲಿತ್ತು. ಅದರ ಚಿತ್ರಗಳನ್ನು ಬರೆದವರು ಶಿಷ್ಯ ಶ್ವೈನಿಟ್ಸ್. ಇಪ್ಪತ್ತೈದರ ಯುವಕನ ಹೆಸರು ಯೂರೋಪಿನ ಸಸ್ಯಶಾಸ್ತ್ರಜ್ಞರ ವಲಯದಲ್ಲಿ ಪರಿಚಿತವಾಯಿತು.

ಆದರೆ ಜೀವನೋಪಾಯ ಚರ್ಚಿನಿಂದಲೇ. ಮುಂದಿನ ವರ್ಷಗಳಲ್ಲಿ ಅವರು ಸೈಲೀಸಿಯಾ ಮತ್ತು ಸ್ಯಾಕ್ಸನಿಯ ಮೊರೇವಿಯನ್ ಸಭೆಗಳಲ್ಲಿ ಧರ್ಮಬೋಧಕರಾಗಿ ದುಡಿದರು. ನೆಪೋಲಿಯನ್ನನ ಯುದ್ಧಗಳು ಇಡೀ ಜರ್ಮನಿಯನ್ನು ಜರ್ಝರಿತಗೊಳಿಸಿದ್ದ ಕಾಲವದು.

1812ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿದ್ದ ಚರ್ಚಿನ ಆಸ್ತಿಗಳ ಮೇಲ್ವಿಚಾರಣೆಗೆ ಅವರ ನೇಮಕವಾಯಿತು. ಅದೇ ವರ್ಷ ಲೂಯಿಸಾ ಅಮೀಲಿಯಾ ಲೆಡೂ ಎಂಬುವರನ್ನು ವಿವಾಹವಾಗಿ, ನವದಂಪತಿ ತಾಯ್ನಾಡಿನ ಹಾದಿ ಹಿಡಿದರು. ಹಾದಿ ಸುಗಮವಾಗಿರಲಿಲ್ಲ. ಬಂದರುಗಳಿಗೆ ದಿಗ್ಬಂಧನ, ರಸ್ತೆಗಳಲ್ಲಿ ಸೈನ್ಯ. ಡೆನ್ಮಾರ್ಕ್, ಸ್ವೀಡನ್‌ಗಳ ಮೂಲಕ ಸುತ್ತು ಬಳಸಿ ಅವರು ಹಡಗು ಹತ್ತಬೇಕಾಯಿತು. ಆ ಪ್ರಯಾಣದ ನಡುವೆಯೇ ಕೀಲ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಗೌರವ ನೀಡಿತು.

ಸೇಲಂನ ಕಾಡುಗಳಲ್ಲಿ

ಅವರು ಬಂದು ನೆಲೆಸಿದ ಊರಿನ ಹೆಸರು ಸೇಲಂ. ನಮ್ಮ ನೆರೆಯ ತಮಿಳುನಾಡಿನ ಸೇಲಂ ಅಲ್ಲ. ಮೊರೇವಿಯನ್ನರು 1766ರಲ್ಲಿ ನಾರ್ತ್ ಕ್ಯಾರೊಲಿನಾದಲ್ಲಿ ಸ್ಥಾಪಿಸಿದ ಪಟ್ಟಣ. ಪಕ್ಕದ ವಿನ್‌ಸ್ಟನ್ ಪಟ್ಟಣದೊಂದಿಗೆ 1913ರಲ್ಲಿ ವಿಲೀನಗೊಂಡ ಅದು ಈಗ ವಿನ್‌ಸ್ಟನ್-ಸೇಲಂ ಎಂಬ ನಗರ. ಚರ್ಚಿನ ಜಮೀನುಗಳ ಗುತ್ತಿಗೆ, ಕರಾರು, ಗಡಿ, ಹಣಕಾಸು ಎಲ್ಲವನ್ನೂ ನೋಡಿಕೊಳ್ಳುವುದು ಶ್ವೈನಿಟ್ಸ್ ಅವರ ಹೊಣೆಯಾಗಿತ್ತು.

ಅಂದಿನ ಸೇಲಂನ ಇನ್ನೊಂದು ಮುಖವನ್ನು ಮುಚ್ಚಿಡುವಂತಿಲ್ಲ. ದೇವರ ಮುಂದೆ ಎಲ್ಲರೂ ಸಮಾನರೆಂದು ಬೋಧಿಸುತ್ತಿದ್ದ ಚರ್ಚು ಅಲ್ಲಿ ಗುಲಾಮರನ್ನು ಇಟ್ಟುಕೊಂಡಿತ್ತು. ಒಂದು ಕಾಲಕ್ಕೆ ಬಿಳಿಯರೊಂದಿಗೆ ಕೂತು ಪ್ರಾರ್ಥಿಸುತ್ತಿದ್ದ ಕರಿಯರನ್ನು ಕ್ರಮೇಣ ದೂರ ಸರಿಸಿ, 1822ರಲ್ಲಿ ಅವರಿಗೆ ಪ್ರತ್ಯೇಕ ಸಭೆಯನ್ನೇ ಏರ್ಪಡಿಸಲಾಯಿತು. ಚರ್ಚಿನ ಆಸ್ತಿಯ ಮೇಲ್ವಿಚಾರಕರಾಗಿದ್ದ ಶ್ವೈನಿಟ್ಸ್ ಆ ವ್ಯವಸ್ಥೆಯ ಹೊರಗಿದ್ದವರಲ್ಲ. ಅವರ ವಿಜ್ಞಾನದ ಹಿರಿಮೆಯನ್ನು ಹೇಳುವಾಗ ಈ ಮಾತನ್ನೂ ಜತೆಗಿಟ್ಟು ಹೇಳುವುದೇ ನ್ಯಾಯ.

ಕಚೇರಿಯ ಕೆಲಸ ಮುಗಿದ ಮೇಲೆ, ಜಮೀನು ನೋಡಲು ಹೋಗುವ ದಾರಿಯಲ್ಲಿ, ಅವರ ಕಣ್ಣು ನೆಲದ ಮೇಲೆಯೇ ಇರುತ್ತಿತ್ತು. ಬಿದ್ದ ದಿಮ್ಮಿ, ಒಣ ರೆಂಬೆ, ಕೊಳೆತ ಎಲೆ, ಎಲ್ಲವನ್ನೂ ಅವರು ಪರಿಶೀಲಿಸಿದರು. ಅಮೆರಿಕದ ಈ ಭಾಗದ ಶಿಲೀಂಧ್ರಗಳನ್ನು ಹೀಗೆ ವ್ಯವಸ್ಥಿತವಾಗಿ ನೋಡಿದವರು ಅವರಿಗಿಂತ ಮೊದಲು ಯಾರೂ ಇರಲಿಲ್ಲ.

ಕೆಲಸ ಸುಲಭದ್ದಾಗಿರಲಿಲ್ಲ. ಹೂವಿನ ಗಿಡವನ್ನು ಕಾಗದದ ನಡುವೆ ಒತ್ತಿ ಒಣಗಿಸಿದರೆ ಅದು ನೂರಾರು ವರ್ಷ ಉಳಿಯುತ್ತದೆ. ಅಣಬೆ ಹಾಗಲ್ಲ. ಬೆಳಿಗ್ಗೆ ಕಿತ್ತದ್ದು ಸಂಜೆಯ ಹೊತ್ತಿಗೆ ಬಾಡುತ್ತದೆ, ಮರುದಿನ ಕೊಳೆಯುತ್ತದೆ, ಹುಳು ಬೀಳುತ್ತದೆ. ಒಣಗಿಸಿದರೆ ಬಣ್ಣ ಹೋಗುತ್ತದೆ, ಆಕಾರ ಮುರುಟುತ್ತದೆ. ತಾಜಾ ಇರುವಾಗಲೇ ನೋಡಿ, ಮೂಸಿ, ಮುರಿದು, ಬರೆದಿಟ್ಟುಕೊಳ್ಳಬೇಕು. ಇಂದಿನಂಥ ಸೂಕ್ಷ್ಮದರ್ಶಕ ಇಲ್ಲ, ಕೇಳೋಣವೆಂದರೆ ಅದೇ ವಿಷಯ ಬಲ್ಲ ಇನ್ನೊಬ್ಬ ಮನುಷ್ಯ ಆ ಸುತ್ತಮುತ್ತ ಇಲ್ಲ. ಪುಸ್ತಕಗಳೆಲ್ಲ ಸಮುದ್ರದಾಚೆಯವು, ಅವುಗಳಲ್ಲಿರುವುದು ಯೂರೋಪಿನ ಅಣಬೆಗಳ ವರ್ಣನೆ.

ಇಷ್ಟಾದರೂ ಆರೇಳು ವರ್ಷಗಳಲ್ಲಿ ಅವರು 1,300ಕ್ಕೂ ಹೆಚ್ಚು ಬಗೆಯ ಶಿಲೀಂಧ್ರಗಳನ್ನು ಪಟ್ಟಿ ಮಾಡಿದರು. ಅವುಗಳಲ್ಲಿ ಮುನ್ನೂರಕ್ಕೂ ಹೆಚ್ಚು ವಿಜ್ಞಾನಕ್ಕೆ ಹೊಸವು. 1818ರಲ್ಲಿ ಚರ್ಚಿನ ಮಹಾಸಭೆಗಾಗಿ ಜರ್ಮನಿಗೆ ಹೋದಾಗ ಈ ಹಸ್ತಪ್ರತಿಯನ್ನು ಅಲ್ಲಿನ ವಿದ್ವಾಂಸರ ಕೈಗಿತ್ತರು. ಲೈಪ್ಸಿಗ್‌ನ ಸಸ್ಯಶಾಸ್ತ್ರಜ್ಞ ಶ್ವೇಗ್ರಿಕೆನ್ ಅವರ ಸಂಪಾದಕತ್ವದಲ್ಲಿ 1822ರಲ್ಲಿ ಅದು ಬೆಳಕು ಕಂಡಿತು. ಕ್ಯಾರೊಲಿನಾದ ಕಾಡಿನ ಅಣಬೆಗಳ ಬಗ್ಗೆ ಮೊದಲ ಸಮಗ್ರ ಗ್ರಂಥ ಜರ್ಮನಿಯಲ್ಲಿ, ಲ್ಯಾಟಿನ್‌ನಲ್ಲಿ ಅಚ್ಚಾಯಿತು ಎಂಬುದು ಆ ಕಾಲದ ವಿದ್ಯಾಲೋಕದ ಸ್ವರೂಪವನ್ನು ತೋರಿಸುತ್ತದೆ.

ಹೆಸರಿನಲ್ಲೇ ಅಡಗಿದ ಸತ್ಯ

ಆ ಗ್ರಂಥದಲ್ಲಿ ಶ್ವೈನಿಟ್ಸ್ ಒಂದು ಕೇಸರಿಗೆಂಪು ಶಿಲೀಂಧ್ರಕ್ಕೆ ಸ್ಫೀರಿಯಾ ಲ್ಯಾಕ್ಟಿಫ್ಲೋರಮ್ ಎಂದು ಹೆಸರಿಟ್ಟರು. ಇಂದಿನ ಲಾಬ್‌ಸ್ಟರ್ ಅಣಬೆಯ ಪರಾವಲಂಬಿ ಅದೇ.

ಮೇಲುನೋಟಕ್ಕೆ ಅದೊಂದು ವಿಚಿತ್ರ ಆಕಾರದ ಕೆಂಪು ಅಣಬೆ. ಬೇರೆ ಯಾರಾದರೂ ಆಗಿದ್ದರೆ ಅಣಬೆಗಳ ಸಾಲಿನಲ್ಲಿ ಅದನ್ನೂ ಒಂದೆಂದು ಸೇರಿಸಿ ಮುಂದೆ ಹೋಗುವ ಸಾಧ್ಯತೆಯಿತ್ತು. ಶ್ವೈನಿಟ್ಸ್ ಹಾಗೆ ಮಾಡಲಿಲ್ಲ. ಕೆಂಪು ಹೊದಿಕೆ ಬೇರೆ, ಅದರೊಳಗಿನ ಬಿಳಿ ಅಣಬೆ ಬೇರೆ ಎಂದು ಅವರು ಗುರುತಿಸಿದರು. ಕೆಂಪು ಹೊದಿಕೆಯ ಮೇಲೆ ಸೂಜಿಮೊನೆಯಷ್ಟು ಚಿಕ್ಕ ಗುಳ್ಳೆಗಳಿವೆ. ಪ್ರತಿಯೊಂದು ಗುಳ್ಳೆಯೂ ಒಂದೊಂದು ಪುಟ್ಟ ಹೂಜಿ. ಅದರೊಳಗೆ ಬೀಜಕಣಗಳು ತಯಾರಾಗುತ್ತವೆ. ಮರದ ತೊಗಟೆ, ಒಣಕಡ್ಡಿಗಳ ಮೇಲೆ ಇಂಥ ಹೂಜಿಗಳನ್ನು ಬೆಳೆಸುವ ಶಿಲೀಂಧ್ರಗಳನ್ನೆಲ್ಲ ಅಂದು ಸ್ಫೀರಿಯಾ ಎಂಬ ಒಂದೇ ದೊಡ್ಡ ಬುಟ್ಟಿಗೆ ಹಾಕುತ್ತಿದ್ದರು. ಇದನ್ನೂ ಅದೇ ಬುಟ್ಟಿಗೆ ಹಾಕಿದಾಗ ಅವರು ಹೇಳಿದ್ದು ಬಹಳ ಮುಖ್ಯವಾದ ಮಾತು: ಕೊಡೆಯ ಆಕಾರದ ಅಣಬೆಗಳಿಗೂ ಇದಕ್ಕೂ ಕುಲದ ಸಂಬಂಧವಿಲ್ಲ.

ಎರಡನೆಯ ಪದದ ಅರ್ಥವಂತೂ ಇನ್ನೂ ಸ್ಪಷ್ಟ. ಲ್ಯಾಕ್ಟಿಫ್ಲೋರಮ್ ಎಂದರೆ ಹಾಲು ಸುರಿಸುವವುಗಳದ್ದು ಎಂದರ್ಥ. ಮುರಿದರೆ ಬಿಳಿಯ ಹಾಲು ಜಿನುಗುವ ಅಣಬೆಗಳ ಒಂದು ಗುಂಪಿದೆ. ಅಂಥ ಅಣಬೆಗಳನ್ನು ಆಶ್ರಯಿಸಿ ಬದುಕುವುದು ಇದು ಎಂದು ಹೆಸರೇ ಸಾರುತ್ತದೆ. ಆತಿಥೇಯ ಯಾರು, ಅತಿಥಿ ಯಾರು ಎಂಬುದನ್ನು ಅವರು ಎರಡು ಪದಗಳಲ್ಲಿ ಬಿಡಿಸಿಟ್ಟರು.

ಈ ಪರಾವಲಂಬಿಯ ಕೆಲಸದ ರೀತಿ ಈಗ ಹೆಚ್ಚು ತಿಳಿದಿದೆ. ಹಾಲಿನ ಅಣಬೆಗಳನ್ನಲ್ಲದೆ ರಸ್ಯುಲಾ ಜಾತಿಯ ಬಿಳಿ ಅಣಬೆಗಳನ್ನೂ, ಅದರಲ್ಲೂ ರಸ್ಯುಲಾ ಬ್ರೆವಿಪೆಸ್ ಎಂಬ ಗಿಡ್ಡ ಕಾಲಿನ ಅಣಬೆಯನ್ನು ಅದು ಹೆಚ್ಚಾಗಿ ಹಿಡಿಯುತ್ತದೆ. ಅಣಬೆ ಎಳೆಯದಿರುವಾಗಲೇ ಪರಾವಲಂಬಿಯ ಎಳೆಗಳು ಒಳನುಗ್ಗುತ್ತವೆ. ಕೊಡೆಯ ಅಡಿಯಲ್ಲಿ ಮೂಡಬೇಕಾದ ತೆಳು ಮಡಿಕೆಗಳು ಮೂಡುವುದಿಲ್ಲ. ಅವಿದ್ದ ಜಾಗದಲ್ಲಿ ಬರೀ ಮೊಂಡು ಏಣುಗಳು ಕಾಣುತ್ತವೆ. ಮಡಿಕೆಗಳಿಲ್ಲದ ಅಣಬೆ ತನ್ನ ಬೀಜಕಣಗಳನ್ನು ಚೆಲ್ಲಲಾರದು. ಅದರ ಸಂತಾನ ಅಲ್ಲಿಗೆ ನಿಂತಿತು. ಹೊರಗೆ ಉದುರುವ ಬಿಳಿ ಪುಡಿ ಪರಾವಲಂಬಿಯ ಬೀಜಕಣಗಳದ್ದು. ತಿಂದು ತೇಗಿದ ಮನೆಯಲ್ಲೇ ಅತಿಥಿ ತನ್ನ ಮಕ್ಕಳನ್ನು ಬೆಳೆಸಿದ ಹಾಗೆ.

ಕೆನಡಾದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಮುಂದೆ ಹೋಯಿತು. ಆಕ್ರಮಣ ಪೂರ್ತಿಯಾದ ಅಣಬೆಯಲ್ಲಿ ಮೂಲ ಅಣಬೆಯ ಡಿಎನ್‌ಎ ಬಹುಮಟ್ಟಿಗೆ ಇಲ್ಲವಾಗಿ, ಪರಾವಲಂಬಿಯದೇ ತುಂಬಿಕೊಂಡಿರುವುದನ್ನು ಅವರು ಕಂಡರು. ಅಣಬೆಯ ರಾಸಾಯನಿಕ ಸಂಯೋಜನೆಯೂ ಬದಲಾಗಿತ್ತು. ಸಪ್ಪೆಯಾದ ರಸ್ಯುಲಾ ಅಣಬೆ ಪರಾವಲಂಬಿ ಹೊಕ್ಕ ಮೇಲೆ ರುಚಿಕರ ಆಹಾರವಾಗುವುದರ ಹಿಂದಿನ ಕಾರಣ ಇದೇ. ನಾಲಿಗೆ ಸುಡುವಷ್ಟು ಖಾರವಾದ ಒಂದು ಜಾತಿಯ ಹಾಲಿನ ಅಣಬೆಯೂ ಹೀಗೆಯೇ ತಿನ್ನಲು ಯೋಗ್ಯವಾಗುತ್ತದೆ. ರೋಗ ಬಂದು ರುಚಿ ಹೆಚ್ಚುವ ಇಂಥ ಉದಾಹರಣೆ ಪ್ರಕೃತಿಯಲ್ಲಿ ವಿರಳ.

ವಿಷದ ಅಣಬೆಯ ಮೇಲೂ ಒಂದು

ಹೆಸರಿಡುವ ಕೆಲಸ ಬರೀ ಪಂಡಿತರ ಕಾಲಹರಣ ಎಂದು ಭಾವಿಸುವವರು ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಅದೇ 1822ರ ಗ್ರಂಥದಲ್ಲಿ ಶ್ವೈನಿಟ್ಸ್ ಸ್ಫೀರಿಯಾ ಹಯಲಿನಾ ಎಂಬ ಇನ್ನೊಂದು ಶಿಲೀಂಧ್ರವನ್ನೂ ವಿವರಿಸಿದ್ದಾರೆ. ಲಾಬ್‌ಸ್ಟರ್ ಅಣಬೆಯ ಪರಾವಲಂಬಿಗೆ ಅದು ದಾಯಾದಿ. ಬಣ್ಣ ಮಾತ್ರ ಕೆಂಪಲ್ಲ, ಮಾಸಲು ಬಿಳಿ. ಅದು ಹತ್ತುವುದು ಅಮನೀಟಾ ಕುಲದ ಅಣಬೆಗಳಿಗೆ. ಜಗತ್ತಿನಲ್ಲಿ ಅಣಬೆ ತಿಂದು ಸಾಯುವವರಲ್ಲಿ ಹೆಚ್ಚಿನವರ ಪ್ರಾಣ ತೆಗೆಯುವುದು ಇದೇ ಅಮನೀಟಾ ಕುಲದ ಕೆಲವು ಜಾತಿಗಳು.

ಪರಾವಲಂಬಿ ಆವರಿಸಿದ ಮೇಲೆ ಒಳಗಿನ ಅಣಬೆ ಯಾವುದೆಂದು ಹೇಳುವುದು ಕಷ್ಟ. ಗುರುತು ಹಿಡಿಯಲು ಬೇಕಾದ ಮಡಿಕೆ, ಬಣ್ಣ, ಕಾಲಿನ ಬಳೆ ಇವೆಲ್ಲ ಅಳಿಸಿಹೋಗಿರುತ್ತವೆ. ಆಗ ತಿನ್ನುವವನಿಗೆ ಇರುವ ಆಧಾರ ಎರಡೇ: ಹೊರಗಿನ ಪರಾವಲಂಬಿ ಯಾವುದು ಎಂಬ ಖಚಿತ ಜ್ಞಾನ ಮತ್ತು ಸುತ್ತಲಿನ ನೆಲದಲ್ಲಿ ರೋಗ ತಗಲದೆ ಎದ್ದಿರುವ ಅಣಬೆಗಳು ಯಾವುವು ಎಂಬ ಪರಿಶೀಲನೆ. ಕೆಂಪು ಪರಾವಲಂಬಿ ಹಾಲಿನ ಅಣಬೆ ಮತ್ತು ರಸ್ಯುಲಾಗಳಿಗೆ ಅಂಟಿಕೊಳ್ಳುವಂಥದ್ದು ಎಂಬ ಅನುಭವದ ಮೇಲೆಯೇ ಜನ ಅದನ್ನು ತಿನ್ನುತ್ತ ಬಂದಿದ್ದಾರೆ. ಹಾಗಿದ್ದರೂ ಒಳಗಿನ ಅಣಬೆ ಯಾವುದೆಂದು ಗೊತ್ತಿಲ್ಲದಿದ್ದರೆ ಮುಟ್ಟದಿರುವುದೇ ಲೇಸು ಎಂದು ತಜ್ಞರು ಎಚ್ಚರಿಸುತ್ತಾರೆ. ಬೊಲೀಟ್ ಎಂಬ ರಂಧ್ರದ ಅಣಬೆಗಳಿಗೆ ಹತ್ತುವ ಹೊಂಬಣ್ಣದ ಮತ್ತೊಂದು ಪರಾವಲಂಬಿ ಇದೇ ಗುಂಪಿನದ್ದು. ಅದು ಹತ್ತಿದ ಅಣಬೆ, ಮೊದಲು ಎಷ್ಟೇ ರುಚಿಕರವಾಗಿದ್ದರೂ, ತಿನ್ನಲು ತಕ್ಕದ್ದಲ್ಲ.

ಕೆಂಪು ಯಾವುದರ ಮೇಲೆ, ಬಿಳಿ ಯಾವುದರ ಮೇಲೆ ಎಂದು ಎರಡು ಶತಮಾನಗಳ ಹಿಂದೆ ಒಬ್ಬ ಪಾದ್ರಿ ಬೇರೆಬೇರೆಯಾಗಿ ಬರೆದಿಟ್ಟ ಟಿಪ್ಪಣಿಯ ಬೆಲೆ ಇಲ್ಲಿ ಅರಿವಾಗುತ್ತದೆ. ಈ ವ್ಯತ್ಯಾಸ ಅನ್ನಕ್ಕೂ ವಿಷಕ್ಕೂ ಇರುವ ವ್ಯತ್ಯಾಸವಾಗಬಲ್ಲದು.

ಮತ್ತೆ ಹುಟ್ಟೂರಿಗೆ

1821ರಲ್ಲಿ ಶ್ವೈನಿಟ್ಸ್ ಬೆತ್ಲೆಹೆಮ್‌ಗೆ ವರ್ಗವಾದರು. ಅಲ್ಲಿಯೂ ಚರ್ಚಿನ ಆಡಳಿತ, ಜತೆಗೆ ಹೆಣ್ಣುಮಕ್ಕಳ ಶಾಲೆಯ ಹೊಣೆ. ಕೆಲಸ ಹೆಚ್ಚಿತೇ ಹೊರತು ಅಧ್ಯಯನ ನಿಲ್ಲಲಿಲ್ಲ. ಹಾವಸೆಯಂಥ ಪುಟ್ಟ ಸಸ್ಯಗಳ ಬಗ್ಗೆ ಅದೇ ವರ್ಷ ಒಂದು ಕಿರುಹೊತ್ತಿಗೆ ಹೊರಬಂತು. ವಯೋಲಾ ಜಾತಿಯ ಹೂಗಿಡಗಳ ಬಗ್ಗೆ ಒಂದು ಪ್ರಬಂಧ ಬಂತು. ಕೇರೆಕ್ಸ್ ಎಂಬ ಜೊಂಡು ಹುಲ್ಲಿನ ಜಾತಿಗಳ ಬಗ್ಗೆ ಅವರು ಸಿದ್ಧಪಡಿಸಿದ ಗ್ರಂಥವನ್ನು ನ್ಯೂಯಾರ್ಕಿನ ಹೆಸರಾಂತ ಸಸ್ಯಶಾಸ್ತ್ರಜ್ಞ ಜಾನ್ ಟೋರಿ ಪ್ರಕಟಣೆಗೆ ಅಣಿಗೊಳಿಸಿದರು. 1823ರಲ್ಲಿ ಮೇಜರ್ ಲಾಂಗ್ ಅವರ ನೇತೃತ್ವದಲ್ಲಿ ವಾಯವ್ಯ ದಿಕ್ಕಿಗೆ ಹೋದ ಸರ್ಕಾರಿ ಅನ್ವೇಷಣಾ ತಂಡ ತಂದ ಗಿಡಗಳನ್ನು ಪರಿಶೀಲಿಸಿ ವಿವರಿಸುವ ಕೆಲಸವೂ ಅವರ ಪಾಲಿಗೆ ಬಂತು.

ಅವರ ಜೀವಮಾನದ ದೊಡ್ಡ ಕೃತಿ ಬಂದದ್ದು ಕೊನೆಯಲ್ಲಿ. ಉತ್ತರ ಅಮೆರಿಕದಲ್ಲಿ ಅದುವರೆಗೆ ತಿಳಿದಿದ್ದ ಶಿಲೀಂಧ್ರಗಳ ಸಮಗ್ರ ಪಟ್ಟಿಯನ್ನು ಅವರು 1831ರಲ್ಲಿ ಫಿಲಡೆಲ್ಫಿಯಾದ ಅಮೆರಿಕನ್ ಫಿಲಸಾಫಿಕಲ್ ಸೊಸೈಟಿಗೆ ಸಲ್ಲಿಸಿದರು. ಅದರಲ್ಲಿದ್ದ ಶಿಲೀಂಧ್ರಗಳ ಸಂಖ್ಯೆ 3,098. ಅವುಗಳಲ್ಲಿ 1,203 ಶ್ವೈನಿಟ್ಸ್ ಅವರೇ ಹೊಸದಾಗಿ ಗುರುತಿಸಿದವು. ಸಂಬಳವಿಲ್ಲದೆ, ಸಹಾಯಕರಿಲ್ಲದೆ, ಪ್ರಯೋಗಾಲಯವಿಲ್ಲದೆ ಒಬ್ಬ ವ್ಯಕ್ತಿ ಮಾಡಿದ ಕೆಲಸ ಇದು ಎಂದರೆ ನಂಬುವುದು ಕಷ್ಟ.

ಅದೇ 1831ರಲ್ಲಿ ಇಂಡಿಯಾನಾ ರಾಜ್ಯದಲ್ಲಿ ತಲೆಯೆತ್ತುತ್ತಿದ್ದ ಹೊಸ ಮೊರೇವಿಯನ್ ನೆಲೆಯನ್ನು ನೋಡಲು ಅವರು ದೂರದ ಪ್ರಯಾಣ ಕೈಗೊಂಡರು. ರೈಲು ಇನ್ನೂ ಆ ಕಡೆ ಹರಿಯದ ದಿನಗಳವು. 1834ರ ಫೆಬ್ರುವರಿ 8ರಂದು ಬೆತ್ಲೆಹೆಮ್‌ನಲ್ಲಿ ಅವರು ಕೊನೆಯುಸಿರೆಳೆದರು. ಐವತ್ತನಾಲ್ಕು ತುಂಬಲು ಐದು ದಿನ ಬಾಕಿಯಿತ್ತು. ನಾಲ್ವರು ಗಂಡುಮಕ್ಕಳೂ ತಂದೆಯಂತೆ ಚರ್ಚಿನ ಸೇವೆಗೆ ನಿಂತರು. ಅವರಲ್ಲಿ ಎಡ್ಮಂಡ್ ಮುಂದೆ ಬಿಷಪ್ ಆಗಿ, ಪಂಥದ ಇತಿಹಾಸಕಾರರಾಗಿ ಹೆಸರು ಮಾಡಿದರು.

ಪೊಟ್ಟಣಗಳಲ್ಲಿ ಉಳಿದ ಬದುಕು

ಶ್ವೈನಿಟ್ಸ್ ಬಿಟ್ಟುಹೋದ ದೊಡ್ಡ ಆಸ್ತಿ ಅವರ ಒಣಸಸ್ಯಗಳ ಸಂಗ್ರಹ. ಸುಮಾರು 23,000 ಜಾತಿಗಳ ಮಾದರಿಗಳಿದ್ದ ಆ ಭಂಡಾರವನ್ನು ಅವರು ಫಿಲಡೆಲ್ಫಿಯಾದ ನ್ಯಾಚುರಲ್ ಸೈನ್ಸಸ್ ಅಕಾಡೆಮಿಗೆ ಉಯಿಲು ಬರೆದಿದ್ದರು. ಆ ಕಾಲದ ಅಮೆರಿಕದಲ್ಲಿ ಖಾಸಗಿ ವ್ಯಕ್ತಿಯೊಬ್ಬರ ಕೈಯಲ್ಲಿದ್ದ ಅತಿದೊಡ್ಡ ಸಸ್ಯಸಂಗ್ರಹಗಳಲ್ಲಿ ಅದೊಂದು.

ಶಿಲೀಂಧ್ರಗಳ ಮಾದರಿಗಳು ಸಣ್ಣಸಣ್ಣ ಕಾಗದದ ಪೊಟ್ಟಣಗಳಲ್ಲಿದ್ದವು. ಕಾಲಕಾಲಕ್ಕೆ ನೋಡಿಕೊಳ್ಳದಿದ್ದರೆ ಅವು ಹುಳುಗಳ ಪಾಲಾಗುವ ಸರಕು. 1850ರ ದಶಕದಲ್ಲಿ ಪೆನ್ಸಿಲ್ವೇನಿಯಾದ ವೈದ್ಯ ಎಜ್ರಾ ಮಿಚೆನರ್ ಅವುಗಳನ್ನು ಒಂದೊಂದಾಗಿ ಬಿಡಿಸಿ, ಹಾಳೆಗಳಿಗೆ ಹೊಂದಿಸಿ ಕ್ರಮಗೊಳಿಸಿದರು. ನಾರ್ತ್ ಕ್ಯಾರೊಲಿನಾದ ಪಾದ್ರಿ ಮೋಸೆಸ್ ಆಶ್ಲಿ ಕರ್ಟಿಸ್ ಮತ್ತು ಇಂಗ್ಲೆಂಡಿನ ಪಾದ್ರಿ ಮೈಲ್ಸ್ ಜೋಸೆಫ್ ಬರ್ಕ್‌ಲಿ ಸೇರಿ ಆ ಮಾದರಿಗಳನ್ನು ಮರುಪರಿಶೀಲಿಸಿ 1856ರಲ್ಲಿ ಒಂದು ವ್ಯಾಖ್ಯಾನ ಪ್ರಕಟಿಸಿದರು. ಒಬ್ಬ ಪಾದ್ರಿ ಕೂಡಿಟ್ಟದ್ದನ್ನು ಇನ್ನಿಬ್ಬರು ಪಾದ್ರಿಗಳು ಒರೆಗೆ ಹಚ್ಚಿದರು ಎಂಬುದು ಇಲ್ಲಿನ ಸ್ವಾರಸ್ಯ. ಇವರು ಶ್ವೈನಿಟ್ಸ್ ಅವರ ತಪ್ಪುಗಳನ್ನೂ ಎತ್ತಿ ತೋರಿಸಿದರು. ಕೆಲವು ಹೆಸರುಗಳು ಬಿದ್ದುಹೋದವು, ಅನೇಕ ಹೆಸರುಗಳು ನಿಂತವು. ಮೂಲ ಮಾದರಿ ಉಳಿದಿದ್ದರಿಂದಲೇ ಸರಿತಪ್ಪು ತೀರ್ಮಾನಿಸಲು ಸಾಧ್ಯವಾಯಿತು.

ಕೆಂಪು ಪರಾವಲಂಬಿಗೆ ಈಗಿನ ಹೆಸರು ಬಂದದ್ದು 1860ರಲ್ಲಿ, ಪ್ಯಾರಿಸ್‌ನಲ್ಲಿ. ಅಲ್ಲಿನ ಲೂಯಿ ರನೆ ಮತ್ತು ಚಾರ್ಲ್ಸ್ ತುಲಾನ್ ಎಂಬ ಸೋದರರು ಅಣಬೆಗಳ ಮೇಲೆ ಬೆಳೆಯುವ ಸ್ಫೀರಿಯಾಗಳನ್ನು ಪ್ರತ್ಯೇಕಿಸಿ ಹೈಪೋಮೈಸಿಸ್ ಎಂಬ ಕುಲದಲ್ಲಿ ಇರಿಸಿದರು. ಹೀಗೆ ಅದು ಹೈಪೋಮೈಸಿಸ್ ಲ್ಯಾಕ್ಟಿಫ್ಲೋರಮ್ ಆಯಿತು. ಶ್ವೈನಿಟ್ಸ್ ಅವರ ಹಯಲಿನಾ ಕೂಡ ಅದೇ ಕುಲಕ್ಕೆ ಸೇರಿತು. ಹಲವು ಶಿಲೀಂಧ್ರಗಳು ಬದುಕಿನ ಬೇರೆಬೇರೆ ಹಂತಗಳಲ್ಲಿ ಬೇರೆಬೇರೆ ವೇಷ ಧರಿಸುತ್ತವೆ ಎಂದು ತೋರಿಸಿಕೊಟ್ಟ ಕೀರ್ತಿ ಈ ಸೋದರರದ್ದು.

ಈ ಕುಲದ ಮಹತ್ವ ಅಮೆರಿಕದ ಕಾಡುಗಳಿಗೆ ಸೀಮಿತವಾಗಿ ಉಳಿದಿಲ್ಲ. ಭಾರತವೂ ಸೇರಿದಂತೆ ಜಗತ್ತಿನ ಅನೇಕ ದೇಶಗಳಲ್ಲಿ ಬಟನ್ ಅಣಬೆ ಬೆಳೆಯುವವರ ನಿದ್ದೆಗೆಡಿಸುವ ವೆಟ್ ಬಬಲ್ ರೋಗಕ್ಕೆ ಕಾರಣ ಇದೇ ಹೈಪೋಮೈಸಿಸ್ ಕುಲದ ಇನ್ನೊಂದು ಸದಸ್ಯ. ಅದು ತಗಲಿದ ಅಣಬೆ ಆಕಾರಗೆಟ್ಟ ಬಿಳಿ ಮುದ್ದೆಯಾಗಿ, ಮೈಮೇಲೆ ಕಂದು ಬಣ್ಣದ ಹನಿಗಳನ್ನು ಸುರಿಸುತ್ತ ಕೊಳೆಯುತ್ತದೆ. ಜೇಡರ ಬಲೆಯಂತೆ ಮಡಿಯನ್ನೆಲ್ಲ ಆವರಿಸುವ ಮತ್ತೊಂದು ರೋಗವೂ ಇದರ ಬಳಗದ್ದೇ. ಕಾಡಿನಲ್ಲಿ ರುಚಿ ಹೆಚ್ಚಿಸುವ ಕುಲ, ಕೃಷಿಯಲ್ಲಿ ಬೆಳೆಗಾರನ ಬಂಡವಾಳ ನುಂಗುತ್ತದೆ. ಇತ್ತ ಲಾಬ್‌ಸ್ಟರ್ ಅಣಬೆಯನ್ನು ಬೇಕೆಂದರೂ ತೋಟದಲ್ಲಿ ವಾಣಿಜ್ಯ ಬೆಳೆಯಾಗಿ ಬೆಳೆಯಲು ಆಗುತ್ತಿಲ್ಲ. ಪರಾವಲಂಬಿಗೆ ಬಿಳಿ ಅಣಬೆ ಬೇಕು. ಬಿಳಿ ಅಣಬೆಗೆ ಜೀವಂತ ಮರದ ಬೇರಿನ ಸಖ್ಯ ಬೇಕು. ಮರ ಕಡಿದರೆ ಎರಡೂ ಇಲ್ಲ.

ಕಂಸದೊಳಗಿನ ಹೆಸರು

ಶ್ವೈನಿಟ್ಸ್ ಅವರ ನೆನಪು ಅಲ್ಲಲ್ಲಿ ಉಳಿದಿದೆ. ಸ್ವೀಡನ್ನಿನ ಮಹಾನ್ ಶಿಲೀಂಧ್ರತಜ್ಞ ಎಲಿಯಾಸ್ ಫ್ರೈಸ್ 1821ರಷ್ಟು ಹಿಂದೆಯೇ ಪೈನ್ ಮರಗಳ ಬುಡ ಕೊಳೆಸುವ ಒಂದು ದೊಡ್ಡ ಶಿಲೀಂಧ್ರಕ್ಕೆ ಅವರ ಹೆಸರಿಟ್ಟಿದ್ದರು. ಕಾಕತಾಳೀಯವೆಂಬಂತೆ ಅದೂ ಉಣ್ಣೆಗೆ ಬಣ್ಣ ಕೊಡುವ ಶಿಲೀಂಧ್ರವೇ. ಕ್ಯಾರೊಲಿನಾದ ಒಂದು ಕಾಡು ಸೂರ್ಯಕಾಂತಿಗೂ ಅವರದೇ ಹೆಸರು. ಬಯಲುಗಳು ಕರಗಿದಂತೆ ಅದು ವಿರಳವಾಗುತ್ತ ಬಂದು, 1991ರಲ್ಲಿ ಅಮೆರಿಕ ಸರ್ಕಾರ ಅದನ್ನು ಅಳಿವಿನಂಚಿನ ಸಸ್ಯಗಳ ಪಟ್ಟಿಗೆ ಸೇರಿಸಿತು.

ಆದರೆ ಅವರ ನಿಜವಾದ ಸ್ಮಾರಕ ಇರುವುದು ಬೇರೆ ಕಡೆ. ಸಸ್ಯ, ಶಿಲೀಂಧ್ರಗಳ ವೈಜ್ಞಾನಿಕ ಹೆಸರಿನ ಮುಂದೆ ಅದನ್ನು ಇಟ್ಟವರ ಹೆಸರನ್ನು ಸಂಕ್ಷಿಪ್ತವಾಗಿ ಬರೆಯುವುದು ರೂಢಿ. ಮೊದಲು ಗುರುತಿಸಿದವರು ಒಂದು ಕುಲಕ್ಕೆ ಸೇರಿಸಿದ್ದನ್ನು ಮುಂದೆ ಮತ್ತೊಬ್ಬರು ಬೇರೆ ಕುಲಕ್ಕೆ ವರ್ಗಾಯಿಸಿದರೆ, ಮೊದಲಿನವರ ಹೆಸರು ಕಂಸದೊಳಗೆ ಉಳಿಯುತ್ತದೆ. ಕುಲ ಎಷ್ಟೇ ಬದಲಾಗಲಿ, ಆ ಕಂಸವನ್ನು ಯಾರೂ ಅಳಿಸುವಂತಿಲ್ಲ. ಹೈಪೋಮೈಸಿಸ್ ಲ್ಯಾಕ್ಟಿಫ್ಲೋರಮ್ ಎಂದು ವಿಜ್ಞಾನಿಯೊಬ್ಬ ಪೂರ್ತಿಯಾಗಿ ಬರೆದಾಗಲೆಲ್ಲ ಪಕ್ಕದ ಕಂಸದಲ್ಲಿ ಶ್ವೈನ್ ಎಂಬ ಮೊಟಕು ಹೆಸರು ಬಂದು ಕೂರುತ್ತದೆ. ನೂರಾರು ಶಿಲೀಂಧ್ರಗಳ ಪಕ್ಕದಲ್ಲಿ ಈ ಪುಟ್ಟ ಗುರುತಿದೆ.

ಅಣಬೆ ಆರಿಸುವವನಿಗೆ ಆ ಪಾದ್ರಿ ಯಾರೆಂದು ತಿಳಿದಿರಬೇಕಾಗಿಲ್ಲ. ಆದರೆ ಕೆಂಪು ಬಣ್ಣ ಕಂಡು ಹಿಗ್ಗುವ ಮೊದಲು ಬಗ್ಗಿ, ಮುರಿದು, ಒಳಗಿರುವುದು ಯಾವುದೆಂದು ಪರೀಕ್ಷಿಸುವ ಪ್ರತಿಯೊಬ್ಬನೂ ಅವರು ಸೇಲಂನ ಕಾಡಿನಲ್ಲಿ ಮಾಡಿದ ಕೆಲಸವನ್ನೇ ಇನ್ನೊಮ್ಮೆ ಮಾಡುತ್ತಿರುತ್ತಾನೆ.